ಹದಿಮೂರು ಅಡಿ ದಪ್ಪದ ಗೆರೆ

"ಇಸಿ ಕ್ಲೀನ್ ಇದೆ. ವಕೀಲರು ಎಲ್ಲಾ ಓದಿ ಸಹಿ ಹಾಕಿದ್ದಾರೆ. ಬ್ಯಾಂಕಿನವರು ಸಾಲ ಕೊಡ್ತೀವಿ ಅಂದಿದ್ದಾರೆ. ಫೋನಲ್ಲಿ ನೋಡಿದ್ರೆ ಸರ್ವೆ ನಂಬರೂ ಅದೇ ಬರುತ್ತೆ. ಇನ್ನು ಅಳತೆ ಯಾತಕ್ಕೆ?"

ಇಪ್ಪತ್ತೆರಡು ವರ್ಷದಿಂದ ಕಟ್ಟಡ ಕಟ್ಟಿಸುವ ಕೆಲಸದಲ್ಲಿದ್ದೇನೆ. ಜಾಗ ಕೊಳ್ಳುವವರ ಬಾಯಲ್ಲಿ ಈ ಮಾತು ಕೇಳದ ತಿಂಗಳಿಲ್ಲ. ಓದಿದವರು, ಓದದವರು, ರೈತರು, ಸಾಫ್ಟ್‌ವೇರ್ ಕೆಲಸದವರು, ಲೇಔಟ್ ಮಾಡುವವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಪತ್ರ ಸರಿಯಿದ್ದರೆ ನೆಲ ಸರಿಯಿದ್ದಂತೆ, ಸರ್ವೆ ಅನ್ನುವುದು ಫೈಲಿಗೆ ಸೇರಿಸುವ ಇನ್ನೊಂದು ಹಾಳೆ ಎಂಬುದು ನಮ್ಮಲ್ಲಿ ಈಗ ಗಟ್ಟಿಯಾಗಿ ಬೇರೂರಿರುವ ನಂಬಿಕೆ. ಇದು ತಪ್ಪು. ಜನರ ಜೀವಮಾನದ ದುಡಿಮೆಯನ್ನು ನುಂಗುವ ತಪ್ಪು. ಅದನ್ನು ಮೆತ್ತಗೆ ಹೇಳುವ ಕಾಲ ಮುಗಿದಿದೆ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಫೈಲಿನಲ್ಲಿ ಏನಿದೆ ನೋಡೋಣ. ಋಣಭಾರ ಪತ್ರ, ಅಂದರೆ ಇಸಿ, ಆ ಸ್ವತ್ತಿನ ಮೇಲೆ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂದು ಹೇಳುತ್ತದೆ. ಅಷ್ಟೇ. ವಕೀಲರು ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಕಡಿದಿಲ್ಲವೇ ಎಂದು ನೋಡುತ್ತಾರೆ. ಪಹಣಿಯಲ್ಲಿರುವುದನ್ನು ಸುಳ್ಳೆಂದು ತೋರಿಸುವವರೆಗೆ ಸತ್ಯವೆಂದು ಇಟ್ಟುಕೊಳ್ಳಬೇಕು ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಂ. ಸುಳ್ಳೆಂದು ತೋರಿಸುವವರೆಗೆ ಎಂಬ ಮಾತನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಬ್ಯಾಂಕು ತನ್ನ ಸಾಲ ವಾಪಸು ಬರುತ್ತದೆಯೇ ಎಂದು ನೋಡುತ್ತದೆ. ಜಾಗದ ಪಶ್ಚಿಮದ ಗೋಡೆ ಎಲ್ಲಿ ನಿಲ್ಲಬೇಕು ಎಂಬುದು ಅದಕ್ಕೆ ಬೇಕಿಲ್ಲ. ಇನ್ನು ಕ್ರಯಪತ್ರದ ಷೆಡ್ಯೂಲು. ಅದರಲ್ಲಿ ಚಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಉಳಿಕೆ ಜಮೀನು. ಆ ಇಂಥವರು ತೀರಿಹೋಗಿ ಮಕ್ಕಳು ಮೂರು ಪಾಲಾಗಿರುತ್ತಾರೆ, ಹಳ್ಳ ಮುಚ್ಚಿರುತ್ತದೆ, ದಾರಿ ಸರಿದಿರುತ್ತದೆ. ಆದರೂ ಹಳೆಯ ಪತ್ರದ ಸಾಲನ್ನೇ ಹೊಸ ಪತ್ರಕ್ಕೆ ಇಳಿಸುತ್ತೇವೆ. ನೂರು ಪುಟದ ಫೈಲಿನಲ್ಲಿ ಆ ನೆಲದ ಮೇಲೆ ಕಾಲಿಟ್ಟವರು ಬರೆದ ಒಂದು ಪುಟವೂ ಇರುವುದಿಲ್ಲ.

"ಆಪ್ ಇದೆಯಲ್ಲ" ಎನ್ನುತ್ತಾರೆ. ಇದೆ. ದಿಶಾಂಕ್ ಒಳ್ಳೆಯ ಸಾಧನ. ನಿಂತಿರುವ ಜಾಗ ಯಾವ ಸರ್ವೆ ನಂಬರು, ಪಕ್ಕದಲ್ಲಿ ಕೆರೆ ಇದೆಯೇ, ರಾಜಕಾಲುವೆ ಹಾದಿದೆಯೇ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಾನೂ ಮೊದಲು ಅದನ್ನೇ ತೆರೆಯುತ್ತೇನೆ. ಆದರೆ ಆ ಪರದೆಯ ಮೇಲೆ ಕಾಣುವ ಗೆರೆ ಎಲ್ಲಿಂದ ಬಂತು ಎಂದು ಕೇಳಬೇಕು. ಅದು ಹಳೆಯ ಗ್ರಾಮ ನಕ್ಷೆಯ ಗೆರೆ. ನಮ್ಮ ಗ್ರಾಮ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920. ಈ ವಿಚಿತ್ರ ಸಂಖ್ಯೆ ಸರಪಳಿಯಿಂದ ಹುಟ್ಟಿದ್ದು. ಸರ್ವೆಯ ಸರಪಳಿ 33 ಅಡಿ. ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ ಇಪ್ಪತ್ತು ಸರಪಳಿ, ಅಂದರೆ 660 ಅಡಿ. ಈ ಲೆಕ್ಕದಲ್ಲಿ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 26 ಅಡಿ. ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಆ ಗೆರೆಯೇ 13 ಅಡಿ ಅಗಲ. ಮೂವತ್ತು ನಲವತ್ತರ ಸೈಟಿನ ಮುಂಭಾಗ 30 ಅಡಿ. ಅದರ ಹತ್ತಿರ ಹತ್ತಿರ ಅರ್ಧ, ಗೆರೆಯೊಳಗೇ ಮುಳುಗಿಹೋಯಿತು. ಇದರ ಮೇಲೆ ಫೋನಿನ ಜಿಪಿಎಸ್ ತನ್ನ ಪಾಲಿನ ಕೆಲವು ಮೀಟರ್ ತಪ್ಪನ್ನು ಸೇರಿಸುತ್ತದೆ. ಬೆರಳಿನಿಂದ ಪರದೆ ಹಿಗ್ಗಿಸಿದರೆ ಗೆರೆ ತೆಳ್ಳಗೆ ಕಾಣುತ್ತದೆ, ಆದರೆ ಅಳತೆ ಸೂಕ್ಷ್ಮವಾಗುವುದಿಲ್ಲ.

ಆ ನಕ್ಷೆ ಮಾಡಿದವರ ಮೇಲೆ ನನಗೆ ದೂರಿಲ್ಲ. ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅವರ ಮುಂದಿದ್ದ ಪ್ರಶ್ನೆ ಒಂದೇ: ಈ ಹೊಲಕ್ಕೆ ಎಷ್ಟು ಕಂದಾಯ ಕಟ್ಟಬೇಕು? 33 ಅಡಿಗೆ 33 ಅಡಿಯ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ, ಗುಂಟೆಯನ್ನು ಮತ್ತೆ ಹದಿನಾರು ಆಣೆಯಾಗಿ ಒಡೆದು ಲೆಕ್ಕ. ರಾಗಿ ಹೊಲದ ಅಂಚಿನಲ್ಲಿ ಎರಡು ಮೊಳ ಆಚೀಚೆಯಾದರೆ ಕಂದಾಯ ಬದಲಾಗುವುದಿಲ್ಲ. ಆ ಕೆಲಸಕ್ಕೆ ಆ ಅಳತೆ ಸಾಕಾಗಿತ್ತು. ಅದೇ ಹೊಲದಲ್ಲಿ ಇವತ್ತು ಚದರಡಿ ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತಿದೆ. ಕಂದಾಯಕ್ಕೆ ಎಳೆದ ಗೆರೆಯನ್ನು ಕಾಂಪೌಂಡಿಗೆ ಬಳಸುತ್ತಿರುವವರು ನಾವು.

ನಕ್ಷೆಗಿಂತ ನಂಬಬೇಕಾದದ್ದು ಟಿಪ್ಪಣಿ. ಹೊಲದಲ್ಲಿ ನಿಂತು ಅಳೆದವನು ಅಲ್ಲೇ ಬರೆದ ಹಾಳೆ. ಮಧ್ಯೆ ಒಂದು ಆಧಾರ ಗೆರೆ, ಅದರಿಂದ ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು ಎಂದು ಅಂಕಿಗಳು. ಗ್ರಾಮ ನಕ್ಷೆಯ ಗೆರೆ ಎಷ್ಟೇ ದಪ್ಪವಾದರೂ ಟಿಪ್ಪಣಿಯ ಅಂಕಿ ಅಂಕಿಯೇ. ಆದರೆ ಅಂಕಿಯನ್ನು ನೆಲಕ್ಕೆ ಇಳಿಸಬೇಕಾದರೆ ಯಾರಾದರೂ ಹೋಗಿ, ಬಾಂದು ಕಲ್ಲು ಹುಡುಕಿ, ಅಲ್ಲಿಂದ ಹಿಡಿಯಬೇಕು. ಅದಕ್ಕೇ ಹದ್ದುಬಸ್ತು, ಗಡಿ ಗುರುತಿಸುವ ಸರ್ವೆ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ನನ್ನ ಭಾವ ತುಮಕೂರು ಕಡೆ ಇಪ್ಪತ್ತು ಗುಂಟೆ ಜಮೀನು ನೋಡಿದರು, ಕೊಬ್ಬರಿ ಗೋಡೌನ್ ಕಟ್ಟಿಸಲು. ಭೂಪರಿವರ್ತನೆ ಆಗಿತ್ತು, ಪತ್ರ ಎಲ್ಲ ಸರಿ. ನಾಲ್ಕು ಸರಪಳಿ ಅಗಲ, ಐದು ಸರಪಳಿ ಉದ್ದ. 132 ಅಡಿಗೆ 165 ಅಡಿ. ಸುತ್ತ ಹಳೆಯ ಕತ್ತಾಳೆ ಬೇಲಿ. ಆಪ್ ತೆರೆದರೆ ಬೇಲಿಯೊಳಗೆಲ್ಲ ಅದೇ ಸರ್ವೆ ನಂಬರು. "ಬೇಲಿ ನೋಡಿದ್ರಲ್ಲ, ನಮ್ಮ ತಾತನ ಕಾಲದ್ದು" ಎಂದರು ಮಾರುವವರು. ಗುದ್ದಲಿ ಪೂಜೆಗೆ ದಿನವೂ ಗೊತ್ತಾಗಿತ್ತು.

"ಭಾವ, ಒಂದು ಸಲ ಹದ್ದುಬಸ್ತು ಮಾಡಿಸಿಬಿಡಿ" ಎಂದೆ.

"ನಿಂಗೆ ಎಲ್ಲದ್ರಲ್ಲೂ ಅನುಮಾನ ಕಣಯ್ಯ. ಮೂರು ತಿಂಗಳು ಹಿಡೀತದೆ."

ಹೆಚ್ಚೇ ಹಿಡಿಯಿತು. ಅಕ್ಕ ಹಟ ಹಿಡಿಯದಿದ್ದರೆ ಭಾವ ಕಾಯುತ್ತಿರಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಸರ್ವೆಯರ್ ಬಂದರು. ಅಕ್ಕಪಕ್ಕದವರಿಗೆ ಮೊದಲೇ ನೋಟಿಸು ಹೋಗಿತ್ತು. ನಾಲ್ಕು ಜನ ಬಂದು ನಿಂತಿದ್ದರು. ಟಿಪ್ಪಣಿಯ ನಕಲನ್ನು ಬೈಕಿನ ಸೀಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಎರಡು ಕಲ್ಲಿಟ್ಟು, ಆ ಮನುಷ್ಯ ಹತ್ತು ನಿಮಿಷ ಏನೂ ಮಾತಾಡದೆ ಓದಿದರು. ಆಮೇಲೆ ಬೇಲಿಯ ಕಡೆ ನೋಡದೆ ನೇರ ಪಕ್ಕದ ಹೊಲದ ಬದುವಿಗೆ ನಡೆದರು. ಅಲ್ಲಿ ಒಂದು ಬಾಂದು ಕಲ್ಲು ಉಳಿದಿತ್ತು. ಅಲ್ಲಿಂದ ಅಳತೆ ಹಿಡಿದು ಬಂದು, ನಮ್ಮ ಪೂರ್ವದ ಬೇಲಿಗಿಂತ ಸಾಕಷ್ಟು ಒಳಗೆ ಒಂದು ಲಂಟಾನ ಪೊದೆಯ ಮುಂದೆ ನಿಂತು, "ಇದನ್ನ ಕಡೀರಿ" ಎಂದರು. ಮಚ್ಚಿನಿಂದ ಬುಡ ಬಿಡಿಸಿ, ಒಂದು ಗೇಣು ಮಣ್ಣು ಕೆದಕಿದ ಮೇಲೆ ಕಲ್ಲಿನ ತಲೆ ಕಂಡಿತು. ಪಾಚಿ ಒರೆಸಿದರೆ ಉಳಿಯ ಗುರುತು. ಬೇಲಿಗೂ ಕಲ್ಲಿಗೂ ನಡುವೆ 11 ಅಡಿ. 132 ಅಡಿ ಉದ್ದಕ್ಕೆ 11 ಅಡಿ, ಅಂದರೆ ಒಂದು ಗುಂಟೆ ಐದಾಣೆಗೂ ಹೆಚ್ಚು. ಆ ಪಟ್ಟಿ ಬಂಡಿದಾರಿ. ದಾಖಲೆಯಲ್ಲಿ ಬಿ ಖರಾಬು, ಸರ್ಕಾರದ್ದು, ಮಾರಲು ಯಾರಿಗೂ ಹಕ್ಕಿಲ್ಲದ್ದು. ಗೋಡೌನಿನ ಪೂರ್ವದ ಗೋಡೆ ನಕ್ಷೆಯಲ್ಲಿ ನಿಂತಿದ್ದದ್ದು ಸರಿಯಾಗಿ ಅದರ ಮೇಲೆ.

ನೋಟಿಸು ತೆಗೆದುಕೊಂಡು ಬಂದಿದ್ದ ಮುದುಕರೊಬ್ಬರು ಆಗ ಹೇಳಿದರು: "ಆ ಕಲ್ಲು ನಾನು ಹುಡುಗ ಆಗಿದ್ದಾಗಿಂದ್ಲೂ ಅಲ್ಲೇ ಐತೆ ಸ್ವಾಮಿ. ಯಾರೂ ಕೇಳ್ಲಿಲ್ಲ."

ಹನ್ನೊಂದು ಅಡಿ ಆಪ್‌ನಲ್ಲಿ ಯಾಕೆ ಕಾಣಲಿಲ್ಲ? ಗೆರೆಯ ದಪ್ಪವೇ ಹದಿಮೂರು ಅಡಿ. ಇಸಿಯಲ್ಲಿ ಯಾಕೆ ಕಾಣಲಿಲ್ಲ? ಬಂಡಿದಾರಿ ಯಾರಿಗೂ ಕ್ರಯ ಆಗಿರಲಿಲ್ಲ. ವಕೀಲರಿಗೆ ಯಾಕೆ ಕಾಣಲಿಲ್ಲ? ಅವರು ಓದಿದ ಯಾವ ಪತ್ರವೂ ಸುಳ್ಳು ಹೇಳಿರಲಿಲ್ಲ. ಇಪ್ಪತ್ತು ಗುಂಟೆ ಎಂದು ಬರೆದಿತ್ತು, ಇಪ್ಪತ್ತು ಗುಂಟೆ ಇತ್ತು. ಬೇಲಿ ತೋರಿಸಿದ ಕಡೆ ಇರಲಿಲ್ಲ ಅಷ್ಟೇ.

ಇದನ್ನು ಹಳ್ಳಿಯ ಒಂದು ಬೇಲಿಯ ಕತೆ ಎಂದು ತಳ್ಳಿಹಾಕಬೇಡಿ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿ ಎಂದು ಮನೆಗಳ ಮೇಲೆ ಜೆಸಿಬಿ ಹರಿಯಿತು. ಹಳೆಯ ಗ್ರಾಮ ನಕ್ಷೆಯಲ್ಲಿ ಅಲ್ಲಿ ಕಾಲುವೆ ಇತ್ತು ಎಂಬುದು ಅಧಿಕಾರಿಗಳ ವಾದವಾಗಿತ್ತು. ಬೀದಿಗೆ ಬಿದ್ದ ಜನ ಕೈಯಲ್ಲಿ ಹಿಡಿದು ತೋರಿಸಿದ್ದು ಕ್ರಯಪತ್ರ, ಖಾತೆ, ಮಂಜೂರಾದ ನಕ್ಷೆ, ಬ್ಯಾಂಕಿನ ಸಾಲದ ಕಾಗದ. ಎಲ್ಲವೂ ಇತ್ತು. ಆ ಜನರದ್ದು ತಪ್ಪು ಎನ್ನುವ ಕಲ್ಲೆದೆ ನನಗಿಲ್ಲ. ಅವರಿಗೆ ನಕ್ಷೆ ಮಂಜೂರು ಮಾಡಿದ ವ್ಯವಸ್ಥೆ ಮೊದಲು ನೆಲ ಅಳೆಯಬೇಕಿತ್ತು. ಆದರೆ "ಪತ್ರ ಸರಿ ಇದೆ" ಎಂಬ ಮಾತಿಗೆ ಎಷ್ಟು ಬೆಲೆ ಎಂಬುದು ಆ ದಿನ ಇಡೀ ರಾಜ್ಯದ ಕಣ್ಣ ಮುಂದೆ ಗೊತ್ತಾಯಿತು. ಗೊತ್ತಾಗಿಯೂ ನಾವು ಬದಲಾಗಲಿಲ್ಲ.

ಈಗ ಹೊಸದೊಂದು ಭರವಸೆ ಹುಟ್ಟಿದೆ: ಡ್ರೋನ್ ಬಂದಿದೆ, ರೋವರ್ ಬಂದಿದೆ, ಇನ್ನು ಗಡಿ ತಕರಾರು ಮುಗಿದಂತೆ. ಸ್ವಾಮಿತ್ವ ಯೋಜನೆಯಡಿ 2020ರಿಂದ ಹಳ್ಳಿಗಳ ಮೇಲೆ ಡ್ರೋನ್ ಹಾರುತ್ತಿದೆ ನಿಜ. ಆದರೆ ಅದು ಊರೊಳಗಿನ ವಾಸದ ಜಾಗಕ್ಕೆ, ಗ್ರಾಮಠಾಣೆಗೆ. "ಡ್ರೋನ್ ಸರ್ವೆ ಆಗಿದೆ" ಎಂದು ಊರಾಚೆಯ ಹೊಲ ತೋರಿಸಿ ಮಾರುವವರ ಮಾತಿಗೆ ತಲೆದೂಗುವ ಮೊದಲು ಇದನ್ನು ತಿಳಿದಿರಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಡ್ರೋನ್ ಕಂಡದ್ದನ್ನು ಅಳೆಯುತ್ತದೆ. ನಮ್ಮ ಭಾವನ ಜಮೀನಿನ ಮೇಲೆ ಅದು ಹಾರಿದ್ದರೆ ಕತ್ತಾಳೆ ಬೇಲಿಯನ್ನು ಬಹಳ ಚೊಕ್ಕವಾಗಿ ಹಿಡಿದುಕೊಡುತ್ತಿತ್ತು. ಲಂಟಾನದ ಬುಡದ ಕಲ್ಲು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ರೋವರ್ ಕೂಡ ಹಾಗೆಯೇ. ಎರಡು ಮೂರು ಸೆಂಟಿಮೀಟರ್‌ವರೆಗೂ ನಿಖರವಾಗಿ ಜಾಗ ಹೇಳುವ ಯಂತ್ರ ಅದು, ನಾನು ಅದರ ಪರವೇ. ಆದರೆ ಯಾವ ಬಿಂದುವಿನ ಮೇಲೆ ಕೋಲು ನಿಲ್ಲಿಸಬೇಕು ಎಂಬುದನ್ನು ಟಿಪ್ಪಣಿ ಓದಬಲ್ಲವನೇ ಹೇಳಬೇಕು. ತಪ್ಪು ಕಲ್ಲಿನ ಮೇಲೆ ನಿಲ್ಲಿಸಿದರೆ ತಪ್ಪೇ ನಿಖರವಾಗಿ ಬರುತ್ತದೆ, ಅದೂ ಕಂಪ್ಯೂಟರಿನಲ್ಲಿ ಅಚ್ಚಾಗಿ, ಯಾರೂ ಪ್ರಶ್ನಿಸದಂತೆ.

ಇಷ್ಟು ಹೇಳಿದ ಮೇಲೆ ಕೆಲವರು ಒಪ್ಪುತ್ತಾರೆ. "ಸರಿ, ಹದ್ದುಬಸ್ತು ಮಾಡಿಸಿದ್ದೇವೆ, ಸರ್ವೆ ಆಯ್ತು." ಇಲ್ಲಿ ಎರಡನೆಯ ತಪ್ಪು ಶುರುವಾಗುತ್ತದೆ. ಸರ್ವೆ ಎಂಬುದು ಒಂದಲ್ಲ. ಹದ್ದುಬಸ್ತು ಜಾಗ ಎಲ್ಲಿಂದ ಎಲ್ಲಿಗೆ ಎಂದು ಹೇಳುತ್ತದೆ. ಅದು ಎಷ್ಟು ಎತ್ತರದಲ್ಲಿದೆ, ಮಳೆ ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಮಟ್ಟದ ಸರ್ವೆ, ಕಾಂಟೂರ್ ಸರ್ವೆ ಬೇಕು.

ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ದೊಡ್ಡ ನದಿಯಿಲ್ಲ. ಬಿದ್ದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಗೆ ಇಳಿಯುತ್ತದೆ. ಮೇಲಿನ ಕೆರೆ ತುಂಬಿ ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಆಚೆ ತಂದರು. ಗಡಿ ಪಕ್ಕಾ ಇದ್ದ ಮನೆಗೂ ನೀರು ನುಗ್ಗಿತು, ಇಲ್ಲದ ಮನೆಗೂ ನುಗ್ಗಿತು.

ಮಟ್ಟ ನೋಡುವುದು ದೊಡ್ಡ ಕೆಲಸವೇನಲ್ಲ. ಒಂದು ಆಟೋ ಲೆವೆಲ್, ಒಂದು ಸ್ಟಾಫು, ಇಬ್ಬರು ಜನ. ಐದೈದು ಮೀಟರಿಗೆ ಒಂದು ಬಿಂದು ಹಿಡಿದು ಎತ್ತರ ಬರೆದುಕೊಂಡು ಬಂದರೆ ಒಂದೆರಡು ದಿನದಲ್ಲಿ ನೆಲದ ಏರಿಳಿತ ಕಾಗದದ ಮೇಲೆ ಬರುತ್ತದೆ. ಆದರೆ ಇಲ್ಲೂ ನಮ್ಮವರು ಬೇಲಿಯೊಳಗೆ ನಿಂತುಬಿಡುತ್ತಾರೆ. ನೀರು ಬೇಲಿಯೊಳಗೆ ಹುಟ್ಟುವುದಿಲ್ಲ. ಮೇಲ್ಗಡೆ ನೂರು ಮೀಟರ್, ಕೆಳಗಡೆ ನೂರು ಮೀಟರ್ ಆಚೆ ಹೋಗಿ ಅಳೆಯಬೇಕು. ರಸ್ತೆಯ ನಡುಮಟ್ಟ, ಚರಂಡಿಯ ತಳಮಟ್ಟ, ಹತ್ತಿರದ ಕೆರೆಯ ಕೋಡಿಯ ಮಟ್ಟ ಹಿಡಿಯಬೇಕು. ಕೋಡಿ ಹರಿಯುವಾಗ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಗೊತ್ತಾದರೆ, ನಿಮ್ಮ ಮನೆಯ ಹೊಸ್ತಿಲು ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಒಂದು ಕಳೆಯುವ ಲೆಕ್ಕ. ಆ ಲೆಕ್ಕ ಮಾಡದೆ, "ರೋಡಿಗಿಂತ ಎರಡಡಿ ಎತ್ತರ ಮಾಡಿ ಸಾಕು" ಎಂದು ಮೇಸ್ತ್ರಿಗೆ ಹೇಳಿ ಮುಗಿಸುತ್ತಾರೆ. ಹಳೆಯದನ್ನು ಕೆರೆಯದೆ ಅದರ ಮೇಲೇ ಡಾಂಬರು ಹಾಕುವ ನಮ್ಮಲ್ಲಿ ಪ್ರತಿ ಸಲವೂ ರಸ್ತೆ ಏರುತ್ತದೆ. ಹದಿನೈದು ವರ್ಷದ ಹಿಂದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗಳಿಗೆ ಇವತ್ತು ಇಳಿದು ಹೋಗುವುದನ್ನು ಯಾವ ಹಳೆಯ ಬಡಾವಣೆಯಲ್ಲಾದರೂ ನೋಡಬಹುದು.

ಮಣ್ಣಿನ ವಿಷಯದಲ್ಲಿ ನಮ್ಮ ಧೈರ್ಯ ಇನ್ನೂ ಹೆಚ್ಚು. ಪಕ್ಕದವರು ಐದು ಅಡಿ ಪಾಯ ತೆಗೆದರೆ ನಮಗೂ ಐದು ಅಡಿ. ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕೆಂಪು ಮಣ್ಣಿನ ಊರಿನ ಪಾಯ ಹಾಕಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ದಕ್ಷಿಣದಲ್ಲಿ ಬೇರೆ ಕಷ್ಟ: ಹಳೆಯ ಕಲ್ಲುಕ್ವಾರಿ, ಕೆರೆಯಂಗಳಗಳಿಗೆ ಕಟ್ಟಡದ ಕಸ ತುಂಬಿ ಮೇಲೆ ಕೆಂಪು ಮಣ್ಣು ಹರಡಿರುತ್ತಾರೆ, ನೋಡಲು ಗಟ್ಟಿ ನೆಲ. ಮಣ್ಣು ಪರೀಕ್ಷೆಯಲ್ಲಿ ಬೋರು ಕೊರೆದು 63.5 ಕೆಜಿ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಡುತ್ತಾರೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಎರಡು ಮೂರು ಪೆಟ್ಟಿಗೇ ಇಳಿದುಹೋದದ್ದನ್ನು ನಾನು ನಿಂತು ನೋಡಿದ್ದೇನೆ. ಅದರ ಮೇಲೆ ಮೂರು ಮಹಡಿಗೆ ನಕ್ಷೆ ತಯಾರಾಗಿತ್ತು. ಆ ಮಾಲೀಕರು ಪಾಯದ ವಿನ್ಯಾಸ ಬದಲಿಸಿದರು. ಎಣಿಸದೆ ಕಟ್ಟಿದವರ ಲೆಕ್ಕ ನನ್ನ ಬಳಿ ಇಲ್ಲ, ಆದರೆ ಅವರ ಮನೆಗಳ ಬಿರುಕಿಗೆ ತೇಪೆ ಹಾಕಿಸಿದ್ದೇನೆ.

ಇದೆಲ್ಲ ಆದ ಮೇಲೂ ಸುಣ್ಣದ ಗೆರೆ ಹಾಕುವ ದಿನ ಇನ್ನೊಂದು ಅಳತೆ ಇದೆ. ಮಾರ್ಕಿಂಗ್. ಬಾಂದಿನಿಂದ ಹಿಡಿಯದೆ ಪಕ್ಕದ ಮನೆಯ ಕಾಂಪೌಂಡಿನಿಂದ ಟೇಪು ಎಳೆದರೆ, ಅವರ ತಪ್ಪನ್ನು ನಾವು ದತ್ತು ತೆಗೆದುಕೊಂಡಂತೆ. ಮೂಲೆಗೆ ಮೂರು-ನಾಲ್ಕು-ಐದರ ಲೆಕ್ಕ, ಆಮೇಲೆ ಎರಡೂ ಕರ್ಣ ತಾಳೆ. ಅರ್ಧ ಗಂಟೆಯ ಕೆಲಸ. ಮುಹೂರ್ತದ ಅವಸರದಲ್ಲಿ ಅದೂ ಬಿಟ್ಟುಹೋಗುತ್ತದೆ.

ಖರ್ಚಿನ ಮಾತು ತೆಗೆಯುವವರಿಗೆ ಉತ್ತರ ಸುಲಭ. ಒಂದು ಮನೆಯ ಮಟ್ಟಿಗೆ ಗಡಿ, ಮಟ್ಟ, ಮಣ್ಣು ಮೂರನ್ನೂ ಮಾಡಿಸಿದರೂ ನಾವು ಗೃಹಪ್ರವೇಶದ ಊಟಕ್ಕೆ ಹಾಕುವಷ್ಟು ಆಗುವುದಿಲ್ಲ. ತಡದ ಮಾತು ಹಾಗಲ್ಲ, ಅದರಲ್ಲಿ ನಿಜವಿದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಸರ್ವೆಯರ್ ಸಾಲದು, ಇರುವವರ ಮೇಲೆ ಕೆಲಸದ ರಾಶಿ. ಕೈ ಬೆಚ್ಚಗೆ ಮಾಡದೆ ಕಡತ ಅಲುಗದ ಅನುಭವ ಯಾರಿಗಿಲ್ಲ? ಪೋಡಿಯಾಗದ (ಪಾಲು ಅಳೆದು ಬೇರ್ಪಡಿಸದ) ನಂಬರುಗಳು, ಸರ್ವೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್‌ಗಿಂತ ಪಹಣಿಯಲ್ಲೇ ಹೆಚ್ಚು ವಿಸ್ತೀರ್ಣ ತೋರಿಸುವ ಜಮೀನುಗಳು, ಹರಿದು ಪುಡಿಯಾದ ಟಿಪ್ಪಣಿಗಳು, ಇವೆಲ್ಲ ಜನರ ತಲೆಗೆ ಕಟ್ಟಬಾರದ ಭಾರ. ಇದಕ್ಕೆ ಸಿಟ್ಟಾಗುವುದು ನ್ಯಾಯ. ಆದರೆ ಸರ್ವೆ ಸಿಗುವುದು ಕಷ್ಟ ಎಂಬುದರಿಂದ ಸರ್ವೆ ಬೇಡ ಎಂಬ ತೀರ್ಮಾನ ಹುಟ್ಟುವುದು ಯಾವ ನ್ಯಾಯ? ಆಸ್ಪತ್ರೆಯಲ್ಲಿ ಸಾಲು ಉದ್ದವಿದೆಯೆಂದು ಕಾಯಿಲೆ ಇಲ್ಲ ಎನ್ನುತ್ತೇವೆಯೇ? ಸಿಟ್ಟು ಅಳತೆಯ ಮೇಲಲ್ಲ, ಅಳತೆಯನ್ನು ದುರ್ಲಭ ಮಾಡಿದವರ ಮೇಲೆ ತಿರುಗಬೇಕು.

ಕೃಷಿ ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ 11ಇ ನಕ್ಷೆ ಬೇಕೇ ಬೇಕು, ಅಳೆಯದೆ ಒಡೆಯುವಂತಿಲ್ಲ. ಒಳ್ಳೆಯ ನಿಯಮ. ಅದೇ ಜಮೀನು ಸೈಟುಗಳಾಗಿ ಒಡೆದು ಕೈಯಿಂದ ಕೈಗೆ ಹೋಗುವಾಗ, ಮಾರುವವನು ಕೊಳ್ಳುವವನ ಮುಂದೆ ನಾಲ್ಕು ಮೂಲೆಯ ಕಲ್ಲು ತೋರಿಸಿದನೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಸಾಲ ಕೊಡುವ ಬ್ಯಾಂಕು ಮಾಲೀಕನ ಆದಾಯದ ಮೂರು ವರ್ಷದ ಲೆಕ್ಕ ಕೇಳುತ್ತದೆ. ಅದೇ ಫೈಲಿನಲ್ಲಿ ಗಡಿಯ ಅಳತೆಯ ನಕ್ಷೆ, ಹೊಸ್ತಿಲಿನ ಮಟ್ಟ ಎರಡನ್ನೂ ಕೇಳಲಿ. ಬಡಾವಣೆಗೆ ಒಪ್ಪಿಗೆ ಕೊಡುವ ಪ್ರಾಧಿಕಾರ ಬೇಲಿಯಾಚೆಯ ನೀರಿನ ದಾರಿಯನ್ನೂ ಸೇರಿಸಿದ ಕಾಂಟೂರ್ ನಕ್ಷೆಯನ್ನು ಸೈಟು ಕೊಳ್ಳುವವರಿಗೆ ಕಾಣುವಂತೆ ಜಾಗದಲ್ಲೇ ಹಾಕಿಸಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ.

ಭಾವನ ಗೋಡೌನು ಹನ್ನೊಂದು ಅಡಿ ಪಶ್ಚಿಮಕ್ಕೆ ಸರಿದು ನಿಂತಿದೆ. ಬಂಡಿದಾರಿಯಲ್ಲಿ ಈಗ ಅವರದೇ ಲಾರಿಗಳು ತಿರುಗುತ್ತವೆ. ಹೋದ ತಿಂಗಳು ಅವರ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ, ಸೈಟು ನೋಡಿದ್ದಾನೆ. "ಮಾವ, ನೂರ ನಲವತ್ತು ಪುಟದ ಫೈಲು ಕೊಟ್ಟಿದ್ದಾರೆ. ಕಲ್ಲು ಎಲ್ಲಿ ಅಂದ್ರೆ ರಿಜಿಸ್ಟ್ರೇಷನ್ ಆದ್ಮೇಲೆ ತೋರಿಸ್ತೀವಿ ಅಂತಾರೆ."

ಅಡ್ವಾನ್ಸ್ ಕೊಡಬೇಡ ಎಂದೆ.